ಕಲಬುರಗಿಯವರೇ? ಹಾಗಾದರೆ ಬ್ಲೂಟೂತ್ ಎಲ್ಲಿ?

ಊರು ಕಲಬುರಗಿ, ಕೆಲಸ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯುವ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವುದು ಎಂದು ಹೇಳಿದರೆ ಸಾಕು, ಎದುರಿಗಿದ್ದವರ ತುಟಿಯಂಚು ಅರಳುತ್ತದೆ. ಹಿಂದೆಯೇ ಪ್ರಶ್ನೆ: "ಬ್ಲೂಟೂತ್ ಇಲ್ಲದೆ ಪಾಸಾದವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ ಸರ್?" ಈ ಚಟಾಕಿ ತಮಗೊಬ್ಬರಿಗೇ ಹೊಳೆದದ್ದು ಎಂಬ ಹೆಮ್ಮೆ ಪ್ರತಿಯೊಬ್ಬರ ಮುಖದಲ್ಲೂ. ಮೊದಮೊದಲು ನಾನೂ ಜೊತೆಗೆ ನಕ್ಕಿದ್ದೇನೆ. ಈಗ ದವಡೆ ನೋಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇದ್ದಾರೆ. ಉತ್ತರ ಅಷ್ಟೇ.

ಮುಚ್ಚಿಡುವುದೇನೂ ಇಲ್ಲ. 2021ರ ಅಕ್ಟೋಬರ್ 3ರಂದು ನಡೆದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ನೇಮಕಾತಿ ಪರೀಕ್ಷೆಯಲ್ಲಿ 545 ಹುದ್ದೆಗೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಕುಳಿತಿದ್ದರು; ಅಕ್ರಮದ ಎಳೆ ಸಿಕ್ಕಿದ್ದು ನಮ್ಮೂರಿನ ಒಂದು ಕೇಂದ್ರದಲ್ಲಿ. 2023ರ ಅಕ್ಟೋಬರ್‌ನಲ್ಲಿ ನಿಗಮ-ಮಂಡಳಿಗಳ ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಪರೀಕ್ಷೆಯಲ್ಲಿ ಹೊರಗಿನಿಂದ ಉತ್ತರ ಕೇಳಿಸಿಕೊಳ್ಳಲು ಬ್ಲೂಟೂತ್ ಇಟ್ಟುಕೊಂಡವರು ಸಿಕ್ಕಿಬಿದ್ದದ್ದೂ ಕಲಬುರಗಿ, ಯಾದಗಿರಿಯಲ್ಲೇ. ಒಪ್ಪಿದೆ. ಆದರೆ ಅದೇ ಪಿಎಸ್‌ಐ ಪ್ರಕರಣದಲ್ಲಿ ಉತ್ತರ ಗುರುತಿಸಿದ ಒಎಂಆರ್ ಹಾಳೆಗಳನ್ನು ಬೆಂಗಳೂರಿನ ಸ್ಟ್ರಾಂಗ್ ರೂಮಿನಲ್ಲೇ ತಿದ್ದಲಾಗಿತ್ತು ಎಂದು ಸಿಐಡಿ ಹೇಳಿತು. ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ (ಎಡಿಜಿಪಿ) 2022ರ ಜುಲೈನಲ್ಲಿ ಬಂಧಿಸಿತು. "ಬೆಂಗಳೂರಿನವರೇ? ಹಾಗಾದರೆ ಸ್ಟ್ರಾಂಗ್ ರೂಮಿನ ಕೀಲಿ ಎಲ್ಲಿ?" ಎಂದು ನಾನು ಇದುವರೆಗೆ ಯಾರನ್ನೂ ಮದುವೆ ಊಟದ ಪಂಕ್ತಿಯಲ್ಲಿ ಕೇಳಿಲ್ಲ.

ನನ್ನನ್ನು ಕೇಳಿದ್ದಾರೆ. 2024ರ ಜೂನ್ ಕೊನೆಯಲ್ಲಿ, ದಾವಣಗೆರೆಯಲ್ಲಿ. ಎಲೆಗೆ ಆಗತಾನೇ ಚಿರೋಟಿ ಬಿದ್ದಿತ್ತು. ಪಕ್ಕದಲ್ಲಿದ್ದ ಹಿರಿಯರು ಮಾಮೂಲಿ ಪ್ರಶ್ನೆ ಕೇಳಿ, ತಾವೇ ನಕ್ಕು, ಆಚೀಚೆ ನೋಡಿ ದನಿ ತಗ್ಗಿಸಿದರು: "ತಮಾಷೆ ಇರಲಿ ಸರ್. ತಮ್ಮನ ಮಗ ಈ ವರ್ಷ ಪಿಯುಸಿ. ಅಂದಾಜು ಎಷ್ಟಾಗುತ್ತದೆ?" ಕೋಚಿಂಗ್ ಶುಲ್ಕ ಕೇಳುತ್ತಿದ್ದಾರೆ ಎಂದುಕೊಂಡು ಹೇಳಿದೆ. "ಅದಲ್ಲ" ಎಂದರು. ನಾನು ಬಡಿಸುವವನನ್ನು ಕರೆದು ಚಿರೋಟಿಗೆ ಇನ್ನಷ್ಟು ಹಾಲು ಹಾಕಿಸಿಕೊಂಡೆ.

ಅದಕ್ಕೆ ವಾರದ ಹಿಂದಷ್ಟೇ ನನ್ನ ವಿದ್ಯಾರ್ಥಿಗಳು ನೀಟ್ ಮರುಪರೀಕ್ಷೆ ಬೇಕೆಂದು ಜಿಲ್ಲಾಧಿಕಾರಿ ಕಚೇರಿಯ ಎದುರು ಧರಣಿ ಕುಳಿತಿದ್ದರು. ಜೂನ್ 4ರಂದು, ದೇಶವೆಲ್ಲ ಲೋಕಸಭೆಯ ಮತ ಎಣಿಕೆ ನೋಡುತ್ತಿದ್ದ ದಿನವೇ, ನೀಟ್ ಫಲಿತಾಂಶ ಬಂದಿತ್ತು: 67 ಮಂದಿಗೆ 720ಕ್ಕೆ 720. 1,563 ಮಂದಿಗೆ ಕೃಪಾಂಕ. ಪ್ರಶ್ನೆಪತ್ರಿಕೆ ಸೋರಿದ ಸುದ್ದಿ ಬಿಹಾರದ ಪಟ್ನಾದ್ದು, ಜಾರ್ಖಂಡ್‌ನ ಹಜಾರಿಬಾಗ್‌ನದು. ಆದರೂ ಬೈಕ್ ನಿಲ್ಲಿಸಿದ ಒಬ್ಬರು, "ಬ್ಲೂಟೂತ್ ಊರಿನವರು ನಕಲಿನ ವಿರುದ್ಧ ಧರಣಿ!" ಎಂದು ಫೋಟೊ ತೆಗೆದುಕೊಂಡು ಹೋದರು. ಹುಡುಗರ ಮುಖ ಸಣ್ಣದಾಯಿತು. ನಾನು ಆ ಬೈಕಿನವರ ಹಿಂದೆ ಓಡಿ ಎರಡು ಮಾತು ಆಡಬೇಕಿತ್ತು. ಆಡಲಿಲ್ಲ, ಬಿಸಿಲು ಜೋರಾಗಿತ್ತು ಎಂದುಕೊಳ್ಳಿ.

ಮರುಪರೀಕ್ಷೆ ಬೇಕು ಎಂಬುದರಲ್ಲಿ ನಮ್ಮ ತರಗತಿಯೇ ಒಡೆದಿತ್ತು. ಆಳಂದ ಕಡೆಯ ಒಬ್ಬ ಹುಡುಗಿ ಧರಣಿಗೆ ಬರಲಿಲ್ಲ. "ಮತ್ತೊಮ್ಮೆ ಬರೆಯುವ ಶಕ್ತಿ ಇಲ್ಲ ಸರ್" ಎಂದಳು. ನಾನು ವಾದಿಸಲಿಲ್ಲ. ಮೇ 5ರಂದು ಪರೀಕ್ಷಾ ಕೇಂದ್ರದ ಗೇಟಿನ ಬಳಿ ಅವಳನ್ನು ನೋಡಿದ್ದೆ.

ನೀವು ಕೇಳಬೇಕಾದದ್ದು ಆ ಗೇಟಿನ ವಿಷಯ. ಮಧ್ಯಾಹ್ನ ಒಂದೂವರೆಗೆ ಅದು ಮುಚ್ಚುತ್ತದೆ. ಉದ್ದ ತೋಳಿನ ಚೂಡಿದಾರ ನಡೆಯದು ಎಂದು ಅವಳನ್ನು ಒಂದು ಗಂಟೆಗೆ ಹೊರಗೆ ನಿಲ್ಲಿಸಿದರು. ಅಪ್ಪ ರಸ್ತೆ ದಾಟಿ ಓಡಿ ಟೈಲರ್ ಅಂಗಡಿಯಿಂದ ಕತ್ತರಿ ತಂದರು. ಹೊಲದ ಕೆಲಸದ ಕೈ. ಒಂದು ತೋಳು ಮೊಣಕೈಗೆ ನಿಂತಿತು, ಇನ್ನೊಂದು ನಾಲ್ಕು ಬೆರಳು ಮೇಲಕ್ಕೆ ಹೋಯಿತು. ಹುಡುಗಿ ಪ್ರವೇಶಪತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈ ಚಾಚಿ ನಿಂತಿದ್ದಳು. ಅವಳು ಒಳಗೆ ಹೋದ ಮೇಲೆ ಆತ ಬೇವಿನ ಮರದ ಕೆಳಗೆ ಕುಳಿತರು. ತೋಳಿನ ಒಂದು ತುಂಡಿನಿಂದ ಮುಖ ಒರೆಸಿಕೊಂಡರು. ಇನ್ನೊಂದನ್ನು ನೀಟಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿದರು. ಪರೀಕ್ಷೆ ಮುಗಿದದ್ದು 5.20ಕ್ಕೆ, ಅಲ್ಲಿಯವರೆಗೂ ಎದ್ದಿರಲಿಲ್ಲ.

ಅದೇ ದಿನ ಬೆಳಗ್ಗೆ ಹಜಾರಿಬಾಗ್‌ನ ಒಂದು ಕೇಂದ್ರದಲ್ಲಿ ಪ್ರಶ್ನೆಪತ್ರಿಕೆಯ ಪೆಟ್ಟಿಗೆಯನ್ನೇ ತೆರೆದಿದ್ದರು ಎಂದು ಆಮೇಲೆ ಸಿಬಿಐ ಹೇಳಿತು. ಪರೀಕ್ಷಾ ಅಕ್ರಮ ತಡೆಯುವ ಕೇಂದ್ರದ ಕಾಯ್ದೆ ಫೆಬ್ರವರಿಯಲ್ಲೇ ಸಂಸತ್ತಿನಲ್ಲಿ ಪಾಸಾಗಿತ್ತು. ಜಾರಿಗೆ ಬಂದದ್ದು ಜೂನ್ 21ಕ್ಕೆ, ಗಲಾಟೆ ಎದ್ದ ಮೇಲೆ. ಮರುದಿನ ನೀಟ್ ನಡೆಸಿದ ಸಂಸ್ಥೆ ಎನ್‌ಟಿಎಯ ಮಹಾನಿರ್ದೇಶಕರನ್ನು ಬದಲಿಸಿದರು. ಜುಲೈ 23ರಂದು ಸುಪ್ರೀಂ ಕೋರ್ಟ್, ಸೋರಿಕೆ ನಡೆದದ್ದು ನಿಜ, ಆದರೆ ಇಡೀ ಪರೀಕ್ಷೆ ಕೆಟ್ಟಿತೆನ್ನಲು ಪುರಾವೆ ಇಲ್ಲ ಎಂದು ಮರುಪರೀಕ್ಷೆಯ ಬೇಡಿಕೆಯನ್ನು ತಳ್ಳಿಹಾಕಿತು. ನ್ಯಾಯಾಲಯದ ತರ್ಕ ನನಗೆ ಅರ್ಥವಾಗುತ್ತದೆ. ಹುಡುಗಿಯ ತೋಳು ಅಳೆಯಲು ಗೇಟಿನಲ್ಲಿ ನಾಲ್ಕು ಜನರನ್ನು ನಿಲ್ಲಿಸಿದವರು ಆ ಪೆಟ್ಟಿಗೆಯ ಬಳಿ ಎಷ್ಟು ಜನರನ್ನು ನಿಲ್ಲಿಸಿದ್ದರು ಎಂಬುದು ಅರ್ಥವಾಗುವುದಿಲ್ಲ. ಇದನ್ನು ಕೇಳಿ. ನನ್ನನ್ನಲ್ಲ, ಕೇಳಬೇಕಾದವರನ್ನು.

ಸಾಮಾನ್ಯ ವರ್ಗದ ಅರ್ಹತಾ ಅಂಕವೇ ಹಿಂದಿನ ವರ್ಷದ 137ರಿಂದ 162ಕ್ಕೆ ಜಿಗಿದ ವರ್ಷ ಅದು. ಆ ಹುಡುಗಿಗೆ ಸೀಟಿನ ಮಾತು ದೂರವೇ ಉಳಿಯಿತು. ಆಗಸ್ಟ್‌ನಲ್ಲಿ ಅಪ್ಪ-ಮಗಳು ಇಬ್ಬರೂ ಬಂದರು, ಇನ್ನೊಂದು ವರ್ಷದ ಶುಲ್ಕ ಕಟ್ಟಲು. ಅವಳು ಅದೇ ಚೂಡಿದಾರ ತೊಟ್ಟಿದ್ದಳು. ಕತ್ತರಿಸಿದ ತೋಳುಗಳನ್ನು ಮತ್ತೆ ಜೋಡಿಸಿ ಹೊಲಿದಿದ್ದರು. ದಾರದ ಬಣ್ಣ ಮಾತ್ರ ಹೊಂದಿರಲಿಲ್ಲ.