ಏಳರ ಧಾರಾವಾಹಿ ಆರಕ್ಕೆ ಬಂದಾಗ

ನಾನು ಕನ್ನಡ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಹೊಸ ಕೆಲಸಕ್ಕೆ ಕರೆ ಬಂದರೆ ಮೊದಲು ಕೇಳುವುದು ಸ್ಲಾಟ್ ಎಷ್ಟು ಗಂಟೆಗೆ ಅಂತ. ಕಥೆ ಏನು ಅನ್ನುವುದು ಆಮೇಲೆ.

ಮಧ್ಯಾಹ್ನದ ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವವರೇ ಜಾಸ್ತಿ. ಟಿವಿ ಹಾಲ್‌ನಲ್ಲಿ ಓಡುತ್ತಿರುತ್ತದೆ, ಮನೆಯಾಕೆ ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ. ಅಲ್ಲಿ ನಾಯಕಿ ಕಣ್ಣಲ್ಲೇ ಮಾತಾಡಿದರೆ ಪ್ರಯೋಜನವಿಲ್ಲ. "ಮಾವ, ಈ ಕಾಗದ ನಿಮ್ಮ ಬೀರುವಿನಲ್ಲಿ ಯಾಕಿದೆ?" ಅಂತ ಬಾಯಿಬಿಟ್ಟು ಕೇಳಬೇಕು. ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಅನ್ನುವುದು ಕಿವಿಗೇ ಗೊತ್ತಾಗಬೇಕಲ್ವಾ. ಏಳರ ಮೇಲೆ ಮನೆಮಂದಿಯೆಲ್ಲ ಒಂದೇ ಕಡೆ ಕೂತಿರುತ್ತಾರೆ. ಅಜ್ಜಿಗೂ ಹಿಡಿಸಬೇಕು, ಹೋಂವರ್ಕ್ ಮಾಡುತ್ತಾ ಕಣ್ಣು ಹಾಯಿಸುವ ಮಗುವಿಗೂ ಹಿಡಿಸಬೇಕು. ಒಂಬತ್ತೂವರೆ ಆದರೆ ಮಾತು ಕಡಿಮೆ ಮಾಡಬಹುದು. ಬರೆಯಲು ನನಗೆ ತುಂಬಾ ಇಷ್ಟದ ಹೊತ್ತು ಅದು.

ಯಾವ ಗಂಟೆಗೆ ಏನು ಅಂತ ಬರೆದಿಟ್ಟ ಪಟ್ಟಿಗೆ ಚಾನೆಲ್‌ಗಳಲ್ಲಿ ಎಫ್‌ಪಿಸಿ ಅನ್ನುತ್ತಾರೆ. ಬೆಳಿಗ್ಗೆ ಭಕ್ತಿ, ಜ್ಯೋತಿಷ್ಯ. ಆಮೇಲೆ ನಿನ್ನೆ ರಾತ್ರಿಯ ಸಂಚಿಕೆಗಳ ಮರುಪ್ರಸಾರ, ಅಡುಗೆ. ಸಂಜೆಯಿಂದ ರಾತ್ರಿ ಹತ್ತೂವರೆವರೆಗೆ ಪ್ರೈಮ್ ಟೈಮ್. ಶನಿವಾರ, ಭಾನುವಾರ ಹಾಡು, ಕುಣಿತದ ರಿಯಾಲಿಟಿ ಶೋಗಳು. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು, ಪ್ರೋಮೋ ಹಾಕಬಹುದು. ಹಾಗಾಗಿ ಅರ್ಧ ಗಂಟೆಯಲ್ಲಿ ಕಥೆಗೆ ಸಿಗುವುದು ಹೆಚ್ಚೂಕಮ್ಮಿ 24 ನಿಮಿಷ. ಬ್ರೇಕ್ ಬರುವ ಮುಂಚೆ 'ಮುಂದೇನು' ಅನ್ನಿಸುವಂಥ ಒಂದು ಕೊಕ್ಕೆ ಇಡಲೇಬೇಕು.

ಈ ಪಟ್ಟಿಯನ್ನು ಅಲ್ಲಾಡಿಸುವುದು ಗುರುವಾರ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ, ಹಿಂದಿನ ಶನಿವಾರದಿಂದ ಶುಕ್ರವಾರದವರೆಗಿನ ಅಂಕಿ ಅವತ್ತು ಬರುತ್ತದೆ. ನಮ್ಮ ಒಂದು ಧಾರಾವಾಹಿ ಏಳು ಗಂಟೆಗೆ ಚೆನ್ನಾಗಿಯೇ ಹೋಗುತ್ತಿತ್ತು. ಎದುರು ಚಾನೆಲ್‌ನಲ್ಲಿ ಹೊಸ ಕಥೆ ಶುರುವಾಯಿತು, ನಮ್ಮ ಅಂಕಿ ಇಳಿಯಿತು. ನಮ್ಮನ್ನು ಆರಕ್ಕೆ ತಳ್ಳಿದರು. ಊರಲ್ಲಿರುವ ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. "ಆರ್ ಗಂಟೆಗೆ ನಾನು ಕೊಟ್ಟಿಗೇಲಿ ಇರ್ತೀನಿ ಕಣಪ್ಪ, ಅದ್ಯಾರ್ ನೋಡಾರು?" ಅಂದರು.

ಮದ್ದೂರಿನ ಕಡೆಯ ನಮ್ಮೂರಲ್ಲಿ ಸಂಜೆ ಅಂದರೆ ಹಾಲು ಕರೆಯುವ ಹೊತ್ತು. ಹಸು ಕರೆದು, ಡೇರಿಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು ಬರುವಷ್ಟರಲ್ಲಿ ಏಳಾಗುತ್ತದೆ. ನಮ್ಮ ಬೀದಿಯಲ್ಲಿ ಧಾರಾವಾಹಿ ನೋಡುವ ಹೆಂಗಸರೆಲ್ಲ ಆ ಹೊತ್ತಿನಲ್ಲಿ ಡೇರಿ ಸಾಲಿನಲ್ಲಿರುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಸ್ಸು ಹತ್ತುವವರಿಗೂ ಆರು ಗಂಟೆ ಮನೆಯ ಹೊತ್ತಲ್ಲ.

ಹಳ್ಳಿಯವರ ಸಂಜೆ ಚಾನೆಲ್‌ಗಳ ಲೆಕ್ಕಕ್ಕೆ ಸರಿಯಾಗಿ ಬಂದಿದ್ದೇ ಈಚೆಗೆ. ನಾನು ಚಿಕ್ಕವನಿದ್ದಾಗ ಊರಲ್ಲಿ ಸಂಜೆಯಾದರೆ ಕರೆಂಟ್ ಹೋಗುತ್ತಿತ್ತು. ಪಂಪ್‌ಸೆಟ್ ಲೈನನ್ನೂ ಮನೆಗಳ ಲೈನನ್ನೂ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ರಾತ್ರಿ ಟಿವಿ ನಿಲ್ಲದೆ ಓಡತೊಡಗಿತು. 2015ರ ಅಕ್ಟೋಬರ್‌ನಿಂದ ಬಾರ್ಕ್ ಹಳ್ಳಿಗಳ ನೋಟವನ್ನೂ ಅಂಕಿಗೆ ಸೇರಿಸಿತು. ಈಗ ಅಲ್ಲಿಯ ನೋಡುಗರು ಲೆಕ್ಕದಲ್ಲಿದ್ದಾರೆ. ಅವರ ದಿನಚರಿ ಮಾತ್ರ ಸ್ಲಾಟ್ ಮೀಟಿಂಗ್‌ಗೆ ಇನ್ನೂ ಬಂದಿಲ್ಲ ಅಂತ ನನಗನ್ನಿಸುತ್ತದೆ.

ಆ ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದನ್ನೂ ನೋಡಬೇಕು. ಆರಿಸಿದ ಮನೆಗಳಲ್ಲಿ ಮೀಟರ್ ಇಟ್ಟಿರುತ್ತಾರೆ. ಕಾರ್ಯಕ್ರಮದ ಧ್ವನಿಯೊಳಗೆ ಬೆರೆಸಿಟ್ಟ, ನಮ್ಮ ಕಿವಿಗೆ ಕೇಳದ ಒಂದು ಗುರುತಿನಿಂದ ಯಾವ ಚಾನೆಲ್ ಅಂತ ಅದಕ್ಕೆ ತಿಳಿಯುತ್ತದೆ. ಯಾರು ನೋಡುತ್ತಿದ್ದಾರೆ ಅನ್ನುವುದು ತಿಳಿಯಬೇಕಾದರೆ ಮನೆಯ ಒಬ್ಬೊಬ್ಬರೂ ತಮ್ಮ ತಮ್ಮ ಬಟನ್ ಒತ್ತಬೇಕು. ಅಡುಗೆಮನೆಯಿಂದಲೇ ಕಥೆ ಕೇಳುತ್ತಿರುವವರು ಒದ್ದೆ ಕೈ ಒರೆಸಿಕೊಂಡು ಬಂದು ಬಟನ್ ಒತ್ತುತ್ತಾರಾ? ಒತ್ತದಿದ್ದರೆ ಅವರು ಅಂಕಿಯಲ್ಲಿಲ್ಲ. ಅಂಕಿ ಕಡಿಮೆಯಾದರೆ ಜಾಹೀರಾತಿನ ದರ ಕಡಿಮೆ, ದರ ಕಡಿಮೆಯಾದರೆ ಮಧ್ಯಾಹ್ನದ ಧಾರಾವಾಹಿಗೆ ಕೊಡುವ ಬಜೆಟ್ಟೂ ಕಡಿಮೆ. ಎರಡೇ ಕೋಣೆಯ ಸೆಟ್, ಆತುರದ ಡಬ್ಬಿಂಗ್. ಕಿವಿಯಿಂದಲೇ ನೋಡುವವರಿಗೆ ಕೆಟ್ಟ ಧ್ವನಿ ಕೊಡುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಒಂದೇ ಹೊತ್ತಿಗೆ ವರ್ಷಾನುಗಟ್ಟಲೆ ಅಂಟಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಚಂದನದ 'ಥಟ್ ಅಂತ ಹೇಳಿ' ಇದೆ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ. ರಾತ್ರಿ ಒಂಬತ್ತೂವರೆ ಅಂದರೆ ಅದೇ ಅಂತ ಎಷ್ಟೋ ಮನೆಗಳಲ್ಲಿ ರೂಢಿಯಾಗಿತ್ತು. ಖಾಸಗಿ ಚಾನೆಲ್‌ಗೆ ಅಷ್ಟು ತಾಳ್ಮೆ ಕಷ್ಟ, ಒಪ್ಪುತ್ತೇನೆ. ಆದರೆ ಪ್ರತಿ ಗುರುವಾರಕ್ಕೂ ಹೆದರಿ ಸಮಯ ಬದಲಾಯಿಸಿದರೆ ಇರುವ ನೋಡುಗರೂ ಕೈ ಬಿಡುತ್ತಾರೆ.

ಈಗ ಮಧ್ಯಾಹ್ನ ಎರಡು ಗಂಟೆಯ ಹೊಸ ಧಾರಾವಾಹಿಗೆ ಬರೆಯಲು ಒಪ್ಪಿದ್ದೇನೆ. ನಿರ್ಮಾಪಕರನ್ನು ಎರಡು ವಿಷಯ ಕೇಳಿಕೊಂಡಿದ್ದೇನೆ. ಧ್ವನಿಯ ಕೆಲಸಕ್ಕೆ ರಾತ್ರಿಯ ಸ್ಲಾಟಿನಷ್ಟೇ ದುಡ್ಡು ಇಡಿ. ಮರುಪ್ರಸಾರ ಕೊಡುವುದಾದರೆ ಏಳೂವರೆ ಆದಮೇಲೆ ಕೊಡಿ, ಅಷ್ಟೊತ್ತಿಗೆ ಡೇರಿ ಬಾಗಿಲು ಹಾಕಿರುತ್ತದೆ. ಮೊದಲನೆಯದಕ್ಕೆ ಹೂಂ ಅಂದಿದ್ದಾರೆ. ಎರಡನೆಯದನ್ನು ಚಾನೆಲ್‌ನವರ ಹತ್ತಿರ ಮಾತಾಡಿ ಹೇಳುತ್ತಾರಂತೆ.