ಅನರ್ಹಗೊಂಡವರನ್ನು ಜನ ಮತ್ತೆ ಯಾಕೆ ಗೆಲ್ಲಿಸಿದರು?

ಚುನಾವಣೆ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ‘ಗೆದ್ದು ವರ್ಷ ಕಳೆಯುವಷ್ಟರಲ್ಲಿ ರಾಜೀನಾಮೆ ಕೊಟ್ಟು ಹೋದವರನ್ನು ಅದೇ ಜನ ಮತ್ತೆ ಗೆಲ್ಲಿಸಿದರಲ್ಲ, ಮತದಾರರಿಗೆ ಸಿಟ್ಟೇ ಬರುವುದಿಲ್ಲವೇ?’ ಅವರ ತಲೆಯಲ್ಲಿರುವುದು 2019ರಲ್ಲಿ ಕರ್ನಾಟಕದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಕೈಬಿಟ್ಟು ಅನರ್ಹಗೊಂಡ 17 ಶಾಸಕರು.

ಸಿಟ್ಟು ಬರುತ್ತದೆ. ಆದರೆ ಶಾಸಕರೇ ಇಲ್ಲದ ಕ್ಷೇತ್ರದಲ್ಲಿ ಸಿಟ್ಟು ತೀರಿಸಿಕೊಳ್ಳುವ ಪುರುಸೊತ್ತು ಯಾರಿಗಿರುತ್ತದೆ?

ಸ್ಪೀಕರ್ ರಮೇಶ್ ಕುಮಾರ್ ಇವರನ್ನು ಅನರ್ಹಗೊಳಿಸಿದ್ದು ಆ ವರ್ಷದ ಜುಲೈ 25 ಮತ್ತು 28ರಂದು. ಅದರ ಬೆನ್ನಿಗೇ, ಆಗಸ್ಟ್ ಮೊದಲ ವಾರಗಳಲ್ಲಿ, ಬೆಳಗಾವಿ ಜಿಲ್ಲೆಗೆ ನೆರೆ ನುಗ್ಗಿತು. ಘಟಪ್ರಭಾ ಉಕ್ಕಿ ಗೋಕಾಕದ ಲೋಳಸೂರು ಸೇತುವೆ ಮುಳುಗಿತು. ಅಥಣಿ, ಕಾಗವಾಡದ ಕೃಷ್ಣಾ ತೀರದ ಜನ ಗಂಜಿ ಕೇಂದ್ರ ಸೇರಿದರು. ಈ ಮೂರೂ ಕ್ಷೇತ್ರಗಳಿಗೆ ಆಗ ಶಾಸಕರಿರಲಿಲ್ಲ. ಬೆಂಗಳೂರಿನಲ್ಲಾದರೂ ಆಗಸ್ಟ್ 20ರವರೆಗೆ ಹೊಸ ಮುಖ್ಯಮಂತ್ರಿ, ಬಿಜೆಪಿಯ ಯಡಿಯೂರಪ್ಪನವರ ಜತೆ ಒಬ್ಬ ಮಂತ್ರಿಯೂ ಇರಲಿಲ್ಲ.

ನೀರು ಇಳಿದ ಮೇಲೆ ಸರ್ವೆ ಶುರುವಾಗುತ್ತದೆ. ಮನೆ ಪೂರ್ತಿ ಬಿದ್ದಿದ್ದರೆ ‘ಎ’, ಭಾಗಶಃ ಬಿದ್ದಿದ್ದರೆ ‘ಬಿ’, ಇನ್ನೂ ಕಡಿಮೆ ಹಾನಿಯಾಗಿದ್ದರೆ ‘ಸಿ’. ಒಂದು ಅಕ್ಷರ ಬದಲಾದರೆ ಪರಿಹಾರದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ‘ನಮ್ಮ ಮನಿ ಸಿ ಯಾಕ ಹಾಕ್ಯಾರ್ರಿ?’ ಅನ್ನುವವರು ಯಾರ ಬಾಗಿಲಿಗೆ ಹೋಗಬೇಕು? ತಹಶೀಲ್ದಾರ್, ಪಿಡಿಒ, ಎಂಜಿನಿಯರ್ ಮೂವರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಪಟ್ಟಿ ತೆಗೆಸಿ ನೋಡುವ ಅಧಿಕಾರ ಶಾಸಕರಿಗಿದೆ. ಅನರ್ಹರಾದವರ ಫೋನನ್ನು ಅಧಿಕಾರಿ ಎತ್ತಬಹುದು, ಎತ್ತದೆಯೂ ಇರಬಹುದು.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ, ಡಿಸೆಂಬರ್ 5ರಂದು ಉಪಚುನಾವಣೆ ಬಂತು. ಮನೆ ಕಟ್ಟಿಸಿಕೊಳ್ಳಬೇಕಾದವರು ಸರ್ಕಾರದ ಕಡೆಯವರನ್ನೇ ಆರಿಸಿದರೆ ನಾನಂತೂ ಅವರನ್ನು ದೂರುವುದಿಲ್ಲ. ಹಾಗೆಂದು ಎಲ್ಲರೂ ಗೆಲ್ಲಲಿಲ್ಲ. ಬಿಜೆಪಿ ಟಿಕೆಟ್ ಪಡೆದ 13 ಅನರ್ಹರಲ್ಲಿ 11 ಮಂದಿ ಗೆದ್ದರು. ಹುಣಸೂರಿನಲ್ಲಿ ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು.

ಅಥಣಿಯ ಮಹೇಶ ಕುಮಠಳ್ಳಿಯವರದನ್ನೇ ನೋಡಿ. 2018ರಲ್ಲಿ ಕಾಂಗ್ರೆಸ್ಸಿನಿಂದ ಮೊದಲ ಸಲ ಗೆದ್ದರು, ಬಿಜೆಪಿಯ ಲಕ್ಷ್ಮಣ ಸವದಿಯವರ ಎದುರು, ಎರಡು ಸಾವಿರ ಚಿಲ್ಲರೆ ಮತಗಳಿಂದ. ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತಾಗ ಅಂತರ ಸುಮಾರು 40 ಸಾವಿರಕ್ಕೇರಿತು. ಗೆದ್ದ 11 ಮಂದಿಯಲ್ಲಿ ಹತ್ತು ಜನ 2020ರ ಫೆಬ್ರುವರಿಯಲ್ಲಿ ಮಂತ್ರಿಗಳಾದರು, ಇವರೊಬ್ಬರು ಹೊರಗುಳಿದರು. 2023ರಲ್ಲಿ ಟಿಕೆಟ್ ಸಿಗದ ಸವದಿ ಕಾಂಗ್ರೆಸ್ಸಿಗೆ ಹೋಗಿ ಇವರನ್ನು ಸುಮಾರು 76 ಸಾವಿರ ಮತಗಳಿಂದ ಸೋಲಿಸಿದರು. ಐದು ವರ್ಷದಲ್ಲಿ ಇಬ್ಬರ ಪಕ್ಷವೂ ಅದಲುಬದಲಾಗಿತ್ತು. ಕಾಗವಾಡದ ಶ್ರೀಮಂತ ಪಾಟೀಲರೂ ಆ ಸಲ ಸೋತರು. ಗೋಕಾಕದಲ್ಲಿ ರಮೇಶ ಜಾರಕಿಹೊಳಿ ಮಾತ್ರ ಮತ್ತೆ ಗೆದ್ದರು. ಮತದಾರರು ಮರೆತೇಬಿಡುತ್ತಾರೆ ಅನ್ನುವವರು ಅಥಣಿಯ ಈ ಲೆಕ್ಕವನ್ನೊಮ್ಮೆ ನೋಡಬೇಕು.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಮಸ್ಕಿಯ ವಿಷಯದಲ್ಲಿ. ಅಲ್ಲಿ 2018ರಲ್ಲಿ, ಈ 17 ಮಂದಿಯಲ್ಲೊಬ್ಬರಾದ ಪ್ರತಾಪಗೌಡ ಪಾಟೀಲರು ಕೇವಲ 213 ಮತಗಳಿಂದ ಗೆದ್ದಿದ್ದರು. ಆ ಫಲಿತಾಂಶದ ಮೇಲೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಇತ್ತು, ಹಾಗಾಗಿ ಉಳಿದವುಗಳ ಜತೆ ಮಸ್ಕಿಯ ಚುನಾವಣೆ ನಡೆಯಲಿಲ್ಲ. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ಆಗಬೇಕೆನ್ನುವ ನಿಯಮ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕೊರೊನಾದ ಮೊದಲ ಅಲೆಯನ್ನು ಮಸ್ಕಿಯ ಜನ ಶಾಸಕರಿಲ್ಲದೆಯೇ ಕಳೆದರು. ಫಲಿತಾಂಶ ಬಂದದ್ದು 2021ರ ಮೇ 2ರಂದು, ಅಂದರೆ ಸ್ಥಾನ ತೆರವಾಗಿ 21 ತಿಂಗಳ ಮೇಲೆ. ಪ್ರತಾಪಗೌಡರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರು ತಕರಾರು ಅರ್ಜಿ ಹಾಕಿದ್ದ ಬಸನಗೌಡ ತುರ್ವಿಹಾಳ.

ವಿಧಾನಸಭೆಯ ಅವಧಿ ಮುಗಿಯುವವರೆಗೆ ಇವರು ಯಾರೂ ಸ್ಪರ್ಧಿಸುವಂತಿಲ್ಲ ಎಂದು ಸ್ಪೀಕರ್ ಆದೇಶಿಸಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅಷ್ಟು ಕಾಲ ತಡೆಯುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದಿತು. ಆ ಅವಧಿಗೆ ಅವರನ್ನು ಕಣದಿಂದ ದೂರ ಇಡಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಅದಕ್ಕೆ ಸಂಸತ್ತೇ ಕಾನೂನು ತಿದ್ದಬೇಕು, ಜತೆಗೆ ಖಾಲಿ ಬಿದ್ದ ಕ್ಷೇತ್ರದಲ್ಲಿ ಅಧಿಕಾರಿಗಳ ಸಭೆ ಕರೆಯುವವರು ಯಾರು ಎಂಬುದನ್ನೂ ಅದರಲ್ಲೇ ಬರೆಯಬೇಕು.