ಫಾರ್ಮ್‌ನಲ್ಲಿ ಇಲ್ಲದ ಫೀಲ್ಡೂ ಸರ್ವರ್‌ಗೆ ಬರುತ್ತದೆ

ಕೋಡ್ ರಿವ್ಯೂಗೆ ಕೂತಾಗ ನಾನು ಮೊದಲು ಹುಡುಕುವುದು ಅಪ್‌ಡೇಟ್ ಮಾಡುವ ಸಾಲನ್ನು. ಬ್ರೌಸರ್ ಕಳಿಸಿದ ರಿಕ್ವೆಸ್ಟ್‌ನಲ್ಲಿ ಬಂದದ್ದನ್ನೆಲ್ಲ ಹಾಗೇ ಎತ್ತಿ ಮಾಡೆಲ್‌ಗೆ (ಡೇಟಾಬೇಸ್ ಟೇಬಲ್‌ನ ಸಾಲನ್ನು ಪ್ರತಿನಿಧಿಸುವ ಕೋಡ್‌ಗೆ) ಸುರಿದಿದ್ದಾರಾ ಅಂತ ನೋಡುತ್ತೇನೆ. ಒಂದೇ ಸಾಲಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಯಾವ ಕಾಲಂ ಬದಲಾಗಬೇಕು ಅನ್ನುವ ತೀರ್ಮಾನ ಆಗ ರಿಕ್ವೆಸ್ಟ್ ಕಳಿಸುವವರದ್ದಾಗಿಬಿಡುತ್ತದೆ.

ಮೊನ್ನೆ ಒಂದು ಪ್ರೊಫೈಲ್ ಪುಟ ಹೀಗೇ ಇತ್ತು. ತಿದ್ದಲು ಕಾಣುವುದು ಹೆಸರು, ಫೋನ್ ಎರಡೇ. ಬಳಕೆದಾರರಿಗೆ ಎಷ್ಟು ಅಧಿಕಾರ ಎಂದು ಹೇಳುವ ರೋಲ್ ಅಲ್ಲಿಲ್ಲ. "ರೋಲ್ ಫಾರ್ಮ್‌ನಲ್ಲೇ ಇಲ್ವಲ್ಲ ಸರ್, ಯಾರು ಬದಲಾಯಿಸ್ತಾರೆ?" ಎಂದರು ಹೊಸದಾಗಿ ಸೇರಿದ ಸಹೋದ್ಯೋಗಿ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು, ಅದೇ ರಿಕ್ವೆಸ್ಟ್ ಕಾಪಿ ಮಾಡಿ, ಹೆಸರಿನ ಪಕ್ಕ ರೋಲ್ ಸೇರಿಸಿ, ಅದರ ವ್ಯಾಲ್ಯೂ ಅಡ್ಮಿನ್ ಅಂತ ಕೊಟ್ಟು ಟೆಸ್ಟ್ ಸರ್ವರ್‌ಗೆ ಕಳಿಸಿ ನೋಡಿ ಅಂದೆ. 200, ಅಂದರೆ ಕೆಲಸ ಆಯಿತೆಂಬ ಉತ್ತರ, ಬಂತು. ಪುಟ ರಿಫ್ರೆಶ್ ಮಾಡಿದರೆ ಅಡ್ಮಿನ್ ಮೆನು ಎದುರಿಗಿತ್ತು. ಫೀಲ್ಡ್‌ನ ಹೆಸರನ್ನು ಊಹಿಸುವ ಕಷ್ಟವೂ ಇರಲಿಲ್ಲ. ಪ್ರೊಫೈಲ್ ಓದಲು ಪುಟ ಕರೆಯುವ ಸರ್ವರ್‌ನ ಎಪಿಐ ಅದನ್ನು ತಾನೇ ಜೇಸನ್ ಎಂಬ ಡೇಟಾ ರೂಪದಲ್ಲಿ ಕೊಡುತ್ತಿತ್ತು.

ಮಾಸ್ ಅಸೈನ್‌ಮೆಂಟ್ ಎಂಬ ಈ ದೋಷ ದೊಡ್ಡವರನ್ನೂ ಬಿಟ್ಟಿಲ್ಲ. 2012ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ಕೋಡ್ ಇಡುವ ತಾಣ ಗಿಟ್‌ಹಬ್‌ನ ಪಬ್ಲಿಕ್ ಕೀ (ಖಾತೆಗೆ ಪ್ರವೇಶ ಕೊಡುವ ಕೀ) ಫಾರ್ಮ್ ಮೂಲಕ ತಮ್ಮ ಕೀಯನ್ನು ಬೇರೆಯವರ ಖಾತೆಗೆ ಸೇರಿಸಿ, ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನ ಕೋಡ್ ರೆಪೊಸಿಟರಿಗೇ ಕಮಿಟ್ ಮಾಡಿ ತೋರಿಸಿದರು. ಮುಂದೆ ರೈಲ್ಸ್ 4ರಲ್ಲಿ ಸ್ಟ್ರಾಂಗ್ ಪ್ಯಾರಾಮೀಟರ್ಸ್ ಬಂತು: ಯಾವ ಫೀಲ್ಡ್‌ಗೆ ಅನುಮತಿ ಎಂದು ರಿಕ್ವೆಸ್ಟ್ ನಿಭಾಯಿಸುವ ಕೋಡಾದ ಕಂಟ್ರೋಲರ್‌ನಲ್ಲೇ ಹೇಳಬೇಕು. ಇಂಥದ್ದೇ ಅನುಮತಿಯ ಪಟ್ಟಿಗೆ ಲಾರಾವೆಲ್ ಫ್ರೇಮ್‌ವರ್ಕ್‌ನಲ್ಲಿ ಫಿಲ್ಲಬಲ್ ಇದೆ, ಜಾಂಗೋ ಫ್ರೇಮ್‌ವರ್ಕ್‌ನ ಮಾಡೆಲ್‌ಫಾರ್ಮ್‌ನಲ್ಲಿ ಫೀಲ್ಡ್ಸ್ ಇದೆ.

ಲಾರಾವೆಲ್‌ನಲ್ಲೇ ಗಾರ್ಡೆಡ್ ಅಂತ ಇನ್ನೊಂದು ದಾರಿಯೂ ಉಂಟು, ಬೇಡದ ಫೀಲ್ಡ್‌ಗಳನ್ನಷ್ಟೇ ಪಟ್ಟಿ ಮಾಡುವುದು. ನಾನು ಅದನ್ನು ಒಪ್ಪುವುದಿಲ್ಲ. ನಾಳೆ ಯಾರೋ ಮೈಗ್ರೇಶನ್ (ಟೇಬಲ್‌ನ ರಚನೆ ಬದಲಿಸುವ ಕೋಡ್) ಬರೆದು ಕ್ರೆಡಿಟ್ ಲಿಮಿಟ್ ಕಾಲಂ ಸೇರಿಸುತ್ತಾರೆ. ಪಟ್ಟಿಗೆ ಸೇರಿಸಲು ಮರೆತರೆ ಅದು ಅಂದಿನಿಂದಲೇ ಎಲ್ಲರಿಗೂ ತೆರೆದ ಕಾಲಂ. ಅನುಮತಿಯ ಪಟ್ಟಿ ಇದ್ದು ಮರೆತರೆ ಹೆಚ್ಚೆಂದರೆ ಫೀಲ್ಡ್ ಸೇವ್ ಆಗುವುದಿಲ್ಲ, ಟೆಸ್ಟರ್ ಅವತ್ತೇ ಬಂದು ಕೇಳುತ್ತಾರೆ.

ಇಡೀ ಮಾಡೆಲ್‌ಗೆ ಒಂದೇ ಪಟ್ಟಿ ಮಾಡಿದರೂ ಸಾಲದು. ಆರ್ಡರ್‌ನ ಸ್ಟೇಟಸ್ ಅನ್ನು ಸಿಬ್ಬಂದಿ ಬದಲಾಯಿಸಬಹುದು, ಗ್ರಾಹಕರು ಬದಲಾಯಿಸಬಾರದು. ವಿಳಾಸವನ್ನು ಗ್ರಾಹಕರು ಬದಲಾಯಿಸಬಹುದು, ಆದರೆ ಸರಕು ಹೊರಡುವವರೆಗೆ ಮಾತ್ರ. ಹಾಗಾಗಿ ಯಾರು, ಯಾವ ಕೆಲಸಕ್ಕೆ ಎಂದು ನೋಡಿ ಬೇರೆ ಬೇರೆ ಪಟ್ಟಿ ಬರೆಯಿರಿ ಅನ್ನುತ್ತೇನೆ. ಯೂಸರ್ ಐಡಿ ಮಾತ್ರ ಯಾವ ಪಟ್ಟಿಯಲ್ಲೂ ಬೇಡ, ಅದನ್ನು ಲಾಗಿನ್ ಆದ ಸೆಶನ್‌ನಿಂದಲೇ ತೆಗೆದುಕೊಳ್ಳಬೇಕು.

ಈಗ ನಮ್ಮಲ್ಲಿ ಪ್ರತಿ ಅಪ್‌ಡೇಟ್ ಎಪಿಐಗೂ ಬೇಡದ ಫೀಲ್ಡ್‌ಗಳನ್ನು ಬೇಕೆಂದೇ ಕಳಿಸುವ ಟೆಸ್ಟ್ ಇದೆ. ಆ ಟೆಸ್ಟ್ ಬರುವ ಉತ್ತರವನ್ನಷ್ಟೇ ನಂಬುವುದಿಲ್ಲ. ಡೇಟಾಬೇಸ್‌ನಿಂದ ಆ ಸಾಲನ್ನು ಮತ್ತೆ ಓದಿ, ರೋಲ್ ಮೊದಲಿದ್ದಂತೆಯೇ ಇದೆಯಾ ಎಂದು ನೋಡುತ್ತದೆ.